ರಾಮಾಂಜಿನಪ್ಪನ ಕಿವಿ

ಅಯ್ಯೋ, ಆ ಸ್ಕ್ರೂಡ್ರೈವರ್ ಕೆಳಗಿಡಿ ಸನಾವುಲ್ಲಾ ಭಾಯ್! ಕಾರ್ಬೊರೇಟರ್ ಅಂದ್ರೆ ಏನು, ರಾಗಿ ಬೀಸೋ ಕಲ್ಲಾ, ಹಂಗೆ ತಿರುಗಿಸೋಕೆ? ಕೊಡಿ ಇಲ್ಲಿ. ಯಾಕ್ರೀ ನಗ್ತೀರಾ? ನಗಿ, ನಗಿ. ಈ ರಾಮಾಂಜಿನಪ್ಪನ್ನ ಪರೀಕ್ಷೆ ಮಾಡೋಕೆ ಅಂತಾನೇ ಗಾಡಿ ಕೆಡಿಸ್ಕೊಂಡು ಬಂದಿದ್ದೀರಾ, ನನಗೆ ಗೊತ್ತಾಗಲ್ವಾ?... ನೋಡಿ, ತಲೆ ಕೆರ್ಕೊಂಡ್ರಿ. ಸಿಕ್ಕಾಕ್ಕೊಂಡ್ರಿ!

ಮಾಡಿ, ಮಾಡಿ ಪರೀಕ್ಷೆ. ಬೆನ್ಸನ್ ಟೌನಲ್ಲಿ ಹೊಸ ಶೆಡ್ ಹಾಕ್ತಿದ್ದೀರಾ. ಯುದ್ಧ ಮುಗಿದ್ಮೇಲೆ ಮಿಲಿಟರಿಯವರು ಮಾರಿದ ಮೋಟಾರ್‌ಸೈಕಲ್ಲೆಲ್ಲಾ ಇನ್ನು ನಿಮ್ಮತ್ರಾನೇ ಬರೋದು. ಅದಕ್ಕೊಬ್ಬ ಹೆಡ್ ಮಿಸ್ತ್ರಿ ಬೇಕು, ಅದೂ ಶಬ್ದ ಕೇಳೇ ಟ್ಯೂನ್ ಮಾಡೋನು. ಹಲಸೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಅಂಥ ಕಿವಿ ಯಾರ್ದು ಅಂತ! ನಮ್ಮ ಆದಿಲಕ್ಷ್ಮಿ ಆಗ್ಲೇ ಬೀದಿಗೆಲ್ಲಾ ಹೇಳ್ಕೊಂಡು ಬಂದ್ಬಿಟ್ಟವ್ಳೆ, ನಮ್ಮೆಜಮಾನ್ರು ಹೆಡ್ ಮಿಸ್ತ್ರಿ ಆದ್ರು ಅಂತ. ಈಗ ನೀವು ಬೇಡ ಅಂದ್ರೆ ನಾನು ಮನೆಗೆ ಹೋಗೋ ಹಾಗೇ ಇಲ್ಲ. ನಿಜವಾಗ್ಲೂ ಭಾಯ್, ಈ ಕೆಲಸ ನನಗೆ ಬೇಕೇ ಬೇಕು. ಸೈಕಲ್ ಪಂಕ್ಚರ್ ಹಾಕಿ ಹಾಕಿ ಸಾಕಾಗೋಗಿದೆ.

ಹೂಂ, ಕಿಕ್ ಹೊಡೀರಿ... ಬಂತು! ಪ್ಲಗ್ ಬಿಚ್ಚಿದಾಗ ನೋಡಿದ್ರಲ್ಲ, ಒಲೆ ಮೇಲಿನ ಪಾತ್ರೆ ತಳ ಇದ್ದಂಗೆ ಮಸಿ. ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಏರ್ ಸ್ಕ್ರೂ ಒಂಚೂರು ಸಡಿಲ ಮಾಡಿದ್ರೆ... ಹಾಂ. ಏನು, ಅಂಗೈ ಯಾಕೆ ಟ್ಯಾಂಕ್ ಮೇಲೆ ಇಟ್ಟಿದ್ದೀನಿ ಅಂತಾನಾ? ಅದು... ಅದು ನನ್ನ ಪದ್ಧತಿ ಭಾಯ್. ಡಾಕ್ಟ್ರು ನಾಡಿ ಹಿಡಿಯಲ್ವಾ, ಹಂಗೆ. ಮಿಲಿಟರಿ ಶೆಡ್ಡಲ್ಲಿ ಕಲ್ತಿದ್ದು. ಬಾಗಿಲು ಹಾಕ್ಕೊಂಡು ಹತ್ತಾರು ಎಂಜಿನ್ ಒಟ್ಟಿಗೇ ಓಡಿಸ್ತಿದ್ವಿ, ತಮಾಷೆನಾ?

ಈಗ ಸ್ಲೋ ಸ್ಕ್ರೂ. ಎಂಜಿನ್ ಎಷ್ಟು ನಿಧಾನಕ್ಕೆ ಓಡುತ್ತೆ ಅನ್ನೋದ್ರಲ್ಲೇ ಇರೋದು ಮಿಸ್ತ್ರಿ ಕೈಚಳಕ. ಇನ್ನೂ ಇಳಿಸ್ತೀನಿ... ಇನ್ನೂ ಒಂಚೂರು... ಸಾಕು ಸಾಕು ಅಂತ ಕೈ ಆಡಿಸ್ಬೇಡಿ, ಹೆದರ್ಕೋಬೇಡಿ! ಆಯ್ತು. ಹಿಂಗೇ ಬಿಡಿ, ಮುಟ್ಬೇಡಿ.

ನಾನು ಆ ನಲ್ಲೀಲಿ ಕೈ ತೊಳ್ಕೊಂಡ್ಬಿಡ್ತೀನಿ. ಅಲ್ಲಿಂದ್ಲೇ ಹೇಳ್ತೀನಿ ಬೇಕಾದ್ರೆ, ತಿರುಗಿ ನೋಡ್ದೇನೆ! ಕೇಳಿ... ಡುಗ್... ಡುಗ್... ಡುಗ್... ಆಹಾ! ಒಂದು ಹೊಡೆತ ತಪ್ಪಿಲ್ಲ, ಒಂದು ಹೆಚ್ಚಿಲ್ಲ. ಇಷ್ಟು ದೂರಕ್ಕೂ ಒಂದೊಂದೂ ಬಿಡಿಬಿಡಿಯಾಗಿ ಕೇಳ್ಸುತ್ತೆ. ನೀವು ಊಟ ಮುಗಿಸ್ಕೊಂಡು ಬನ್ನಿ, ಆಗ್ಲೂ ಹಿಂಗೇ ಡುಗ್ ಡುಗ್ ಅಂತಿರುತ್ತೆ! ಈಗ ಹೇಳಿ ಭಾಯ್, ಶೆಡ್ಡಿಗೆ ಯಾವತ್ತಿಂದ ಬರ್ಲಿ? ಸೋಮವಾರನಾ?... ಅಲ್ಲಾ, ಎದುರುಗಡೆ ಇಡ್ಲಿ ಅಂಗಡಿ ಅಕ್ಕಯಮ್ಮ ಯಾಕೆ ತಟ್ಟೆ ಹಿಡ್ಕೊಂಡು ನನ್ನನ್ನೇ ನೋಡ್ತಾವ್ಳೆ? ಏನಮ್ಮಾ, ಇಂಥ ಟ್ಯೂನಿಂಗು ಯಾವತ್ತೂ ಕೇಳಿಲ್ವಾ?

ಭಾಯ್?... ಏನು, ನಗೂನೇ ಇಲ್ಲ? ಯಾಕೆ ತಲೆ ತಗ್ಗಿಸ್ಬಿಟ್ರಿ? ಗಾಡಿ... ಹೊಗೆ ಬರ್ತಿಲ್ಲ. ನಂಬರ್ ಪ್ಲೇಟು ಅಲ್ಲಾಡ್ತಾನೇ ಇಲ್ವಲ್ಲ.

ಯಾವಾಗ ನಿಂತ್ಹೋಯ್ತು?

ನನ್ನ ಕಿವಿ ವಿಷಯ ಆದಿಲಕ್ಷ್ಮಿಗೂ ಗೊತ್ತಿಲ್ಲ ಭಾಯ್. ಅವಳ ಮಾತಿಗೆ ನಾನು ಬೆಲೆ ಕೊಡಲ್ಲ ಅಂತ ಜಗಳ ಆಡ್ತಾಳೆ, ಅಷ್ಟೇ... ಏನಾದ್ರೂ ಹೇಳಿ. ಬೈದ್ರೂ ಸರಿ. ಮುಖ ಮಾತ್ರ ಈ ಕಡೆ ತಿರುಗಿಸ್ಕೊಂಡು ಹೇಳಿ.