ಎರಡೆರಡು ತುಣುಕು

ಅರಿವೆ ಒಗೆಯುತ್ತಿದ್ದ ಯಶೋಧರಾ, ಕೂಸಿನ ಮೈ ಬಿಸಿಯಾಗಿದೆಯೆಂದು ಬಕೆಟ್ಟನ್ನು ಹಾಗೆಯೇ ಬಿಟ್ಟು ಕೇಶ್ವಾಪುರದ ದವಾಖಾನೆಗೆ ಬಂದಿದ್ದಳು. ಕೂಸು ತೊಡೆಯ ಮೇಲೆ ನಿದ್ದೆಹೋಗಿತ್ತು. ಫ್ಯಾನಿನ ಗಾಳಿಗೆ ಅವಳ ಕಣ್ಣೂ ಎಳೆಯುತ್ತಿದ್ದಾಗ, ಪಕ್ಕದ ಬೆಂಚಿನ ಅಜ್ಜಿ-ಮೊಮ್ಮಗಳ ಮಾತು ಕನಸಿನೊಳಗಿಂದ ಬಂದಂತೆ ಕೇಳಿಸಿತು. ಏಳೆಂಟು ವರ್ಷದ ಹುಡುಗಿ ಡಬ್ಬಿ ತೆರೆದಿದ್ದಳು.

“ಸೌತಿಕಾಯಿ, ಗಜ್ಜರಿ, ಪೇರಲ, ಪುಟ್ಟ ಹೆಸರಿನ ದ್ವಾಸಿ. ಎಲ್ಲಾ ಹಗೂರ ತಿನಿಸು. ತಿನ್ನು ಅಜ್ಜಿ.”

“ಡಾಕ್ಟರು ಒಂದೊಂದ ತುಣುಕು ಅಂದಿದ್ರು. ನೀ ಎಲ್ಲಾ ಎರಡೆರಡು ಇಟ್ಟೀಯಲ್ಲ?”

“ಒಂದ ನೀಡಬಾರದು ಅಂತ ನೀನ ಹೇಳಿದ್ದಿ.”

“ಅದು ಊಟಕ್ಕ ಬಂದವರಿಗೆ ರೊಟ್ಟಿ ನೀಡುವಾಗವ್ವಾ. ತೂಕ ಇಳಿಸಾಕತ್ತಾಕಿಗೆ ಅಲ್ಲ.”

“ನೀನೂ ಊರಿಂದ ನಮ್ಮನಿಗೆ ಬಂದಾಕಿ ಅಲ್ಲೇನು?”

“ಬಂದು ತಿಂಗಳಾತು, ಒಂದ ಕಿಲೋನೂ ಇಳದಿಲ್ಲ! ನಾಕು ಕಿಲೋ ಇಳದರ ಮೊಣಕಾಲಿನ ಆಪರೇಶನ್ ಮಾಡ್ತಾರಂತ. ಆಮ್ಯಾಲೆ ನೋಡು, ನಮ್ಮೂರು ಮುಗದದಾಗ ನನ್ನ ಎಮ್ಮಿ ಹಿಂದ ಹೆಂಗ ಓಡ್ತೇನಿ!”

ಹುಡುಗಿ ನಗಲಿಲ್ಲ. ಎರಡನೆಯ ಪೇರಲ ತುಣುಕನ್ನು ಅಜ್ಜಿಯ ತುಟಿಗೆ ಹಿಡಿದಳು. ಅಜ್ಜಿ ತಲೆಯಾಡಿಸಿ ಬೇಡವೆಂದಳು. ಯಶೋಧರಾ ತನ್ನ ಕೂಸಿನ ಹಣೆ ಸವರುತ್ತ ಕೇಳುತ್ತಿದ್ದಳು.

“ಬಾಳವ್ವ ಯಾರ್ರಿ? ತೂಕ ನೋಡಬೇಕು, ಬರ್ರಿ,” ಎಂದು ನರ್ಸ್ ಕೂಗಿದಳು.

ಅಜ್ಜಿ ಮೊಮ್ಮಗಳ ಹೆಗಲು ಹಿಡಿದು ಎದ್ದಳು. ಇಬ್ಬರೂ ಮೆಲ್ಲಗೆ ಬಾಗಿಲವರೆಗೆ ಹೋದರು. ಅಲ್ಲಿ ಹುಡುಗಿ ನಿಂತುಬಿಟ್ಟಳು.

“ಅಜ್ಜಿ, ಕಾಲು ಛಲೋ ಆದಮ್ಯಾಲೆ ನನ್ನ ಬಿಟ್ಟು ಊರಿಗೆ ಹೋಗ್ತೀಯೇನು?”