ಬೀಗರಿಗಾಗಿ ತೊಳೆದ ರೂಪಾಯಿ

ನೆಂಟರು ಬರುತ್ತಾರೆ ಅಂದರೆ ಮನೆಯಲ್ಲಿ ಮೊದಲು ಏನನ್ನು ಬಚ್ಚಿಡುತ್ತೀರಿ? ಜೋರಾಗಿ ಹೇಳಬೇಡಿ, ಪಕ್ಕದಲ್ಲೇ ಮನೆಯವರು ಕೂತಿದ್ದಾರೆ. ಮನಸ್ಸಿನಲ್ಲೇ ಹೇಳಿಕೊಳ್ಳಿ. ಅಷ್ಟರಲ್ಲಿ ನಾನು ಮುರಿಗೆಪ್ಪ ಶೆಟ್ಟರ ಸಂಗತಿ ಹೇಳಿಬಿಡುತ್ತೇನೆ.

ಬೈಲಹೊಂಗಲದ ಕಡೆಯವರು ಈ ಶೆಟ್ಟರು. ಭಾರಿ ಶ್ರೀಮಂತರು. ಸಿಮೆಂಟು-ಕಬ್ಬಿಣದ ಅಂಗಡಿ, ಮಹಡಿ ಮನೆ, ಬಾಗಿಲಲ್ಲಿ ಕಾರು. ಎಲ್ಲ ಇತ್ತು. ಒಂದು ಮಾತ್ರ ಇರಲಿಲ್ಲ. ಏನದು? ‘ಹಳೆಯ ಮನೆತನ’ ಅನ್ನುವ ಹೆಸರು. ದುಡ್ಡನ್ನು ತಾವೇ ಗಳಿಸಬಹುದು ನೋಡಿ, ಅಜ್ಜನನ್ನು ಎಲ್ಲಿಂದ ಗಳಿಸುವುದು?

ಅದನ್ನೂ ಗಳಿಸಿದರು! ಹಳೆ ಸಾಮಾನಿನ ಅಂಗಡಿಗೆ ಹೋಗಿ, ದೊಡ್ಡ ರುಮಾಲು ಸುತ್ತಿ ಮೀಸೆ ತಿರುವಿದ ಯಾರದೋ ಪಟ ಕೊಂಡು ತಂದರು. ಗೋಡೆಗೆ ತೂಗುಹಾಕಿ, ಗಂಧದ ಹಾರ ಹಾಕಿದರು. ಬಂದವರಿಗೆಲ್ಲ, “ನಮ್ಮ ಅಜ್ಜಾರು. ಇನಾಮದಾರರು” ಎಂದರು. ಬಂದವರೆಲ್ಲ ಕೈ ಮುಗಿದರು.

ಶೆಟ್ಟರಿಗೆ ಒಬ್ಬಳೇ ಮಗಳು, ಕಸ್ತೂರಿ. ಜಮಖಂಡಿಯ ಸಂಗನಬಸಪ್ಪನವರ ಮಗನನ್ನು ಅವಳು ಮೆಚ್ಚಿದ್ದಳು, ಅವನೂ ಮೆಚ್ಚಿದ್ದ. ಇನ್ನು ಹಿರಿಯರು ಕೂತು ಮಾತಾಡುವುದಷ್ಟೇ ಬಾಕಿ. ಸಂಗನಬಸಪ್ಪನವರಿಗೆ ಹಳೆಯ ನಾಣ್ಯದ ಹುಚ್ಚು ಎಂದು ಯಾರೋ ಹೇಳಿದರು. ಶೆಟ್ಟರು ಕುಣಿದಾಡಿದರು. ಯಾಕೆಂದರೆ ಅವರ ಮನೆಯಲ್ಲಿ ನಿಜವಾಗಿಯೂ ಹಳೆಯದಾದದ್ದು ಅದೊಂದೇ. ತಾಯಿ ನೀಲಗಂಗವ್ವನ ಟ್ರಂಕಿನಲ್ಲಿ, ರಾಜನ ಮುಖವಿದ್ದ ಬೆಳ್ಳಿ ರೂಪಾಯಿಗಳು ಒಂದು ಗಂಟಿನಷ್ಟಿದ್ದವು.

ಗಂಟು ಬಿಚ್ಚಿದರು. ರೂಪಾಯಿಗಳು ಕಪ್ಪಿಟ್ಟಿದ್ದವು. “ಛೀ, ಇವನ್ನ ಬೀಗರಿಗೆ ಹೆಂಗ ತೋರ್ಸೂದು!” ಎಂದು ಬೆಳ್ಳಿ ಅಂಗಡಿಯಿಂದ ತೊಳೆಯುವ ದ್ರಾವಣ ತಂದು, ಬಟ್ಟಲಿಗೆ ಸುರಿದು, ಒಂದೊಂದನ್ನೇ ಅದ್ದಿದರು. ಕಣ್ಣು ಮಿಟುಕಿಸುವುದರಲ್ಲಿ ಕಪ್ಪು ಮಾಯ! ಅಷ್ಟಕ್ಕೂ ತೃಪ್ತಿ ಇಲ್ಲ. ವಿಭೂತಿ ಗಟ್ಟಿ ಪುಡಿ ಮಾಡಿ ಗಸಗಸ ತಿಕ್ಕಿದರು. ಹಣೆಗೆ ಹಚ್ಚಬೇಕಾದ ವಿಭೂತಿ ರಾಜನ ಮೂಗಿಗೆ ಹೋಯಿತು.

ನಾಣ್ಯ ತೊಳೆದಾಯಿತು. ಇನ್ನು ಮನೆಯಲ್ಲಿ ಹಳೆಯದು ಏನು ಉಳಿಯಿತು? ತಾಯಿ! ಆ ಒರಟು ಮಾತು ಕೇಳಿದರೆ ಇನಾಮದಾರರ ಸೊಸೆ ಅಂತ ಯಾರು ನಂಬುತ್ತಾರೆ?

“ಅವ್ವಾ, ಬೀಗರು ಬಂದಾಗ ನೀ ಹೊರಗ ಬರಬ್ಯಾಡ. ನಿನಗ ಆರಾಮಿಲ್ಲಂತ ಹೇಳ್ತೀನಿ.”

“ನನಗೇನ್ ಧಾಡಿ ಆಗೇತೋ? ಮುಂಜಾನೆ ಎರಡ್ ರೊಟ್ಟಿ ತಿಂದೀನಿ.”

“ಆತವ್ವ, ಒಳಗ ಕುಂತು ಮೂರನೇದ್ ತಿನ್ನು.”

ಬೀಗರು ಬಂದರು. ಪಟಕ್ಕೆ ಕೈ ಮುಗಿದರು. ಉಪ್ಪಿಟ್ಟು, ಚಹಾ ಆಯಿತು. ಶೆಟ್ಟರು “ನಮ್ಮ ಅಜ್ಜಾರವು” ಎನ್ನುತ್ತ ತಟ್ಟೆಯಲ್ಲಿ ರೂಪಾಯಿ ತಂದಿಟ್ಟರು. ಸಂಗನಬಸಪ್ಪನವರು ಜೇಬಿನಿಂದ ಭೂತಗನ್ನಡಿ ತೆಗೆದು, ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಆಚೀಚೆ ಓಲಾಡಿಸಿದರು. ಇನ್ನೊಂದನ್ನು ಹಿಡಿದರು. ಮುಖ ಸಣ್ಣದಾಯಿತು.

“ಶೆಟ್ಟರ, ಇವು ಅಜ್ಜಾರವು ಅಂದ್ರಿ?”

“ಹೌದ್ರಿ. ಆಣಿ ಮಾಡ್ತೀನಿ.”

“ಅಜ್ಜನ ಕಾಲದಿಂದ ಮನಿಯಾಗ ಕುಂತ ರೂಪಾಯಿ ಹಿಂಗ ಇರೂದಿಲ್ರಿ. ಸುಣ್ಣ ಬಳದ ಗ್ವಾಡಿಯಂಗ ಬೆಳ್ಳಗ ಅದಾವ, ಜೀವಿಲ್ಲ. ಮೈತುಂಬ ತಿಕ್ಕಿದ ಗೆರಿ, ಅಕ್ಷರದ ಸಂದ್ಯಾಗ ಮಾತ್ರ ಕರಿ ಉಳದೈತಿ. ಮಾರಾಕ ತರೋರು ಹಿಂಗ ತೊಳೀತಾರ. ಮೊನ್ನಿ ಸಂತ್ಯಾಗ ಕೊಂಡು ತಂದು, ಅಜ್ಜಾರವು ಅಂತೀರಿ. ರೂಪಾಯಿ ವಿಷಯದಾಗ ಹಿಂಗಾದ್ರ, ನಾಳೆ ಹೆಣ್ಣು ಕೊಡೂ ವಿಷಯದಾಗ ಹೆಂಗ್ರಿ?”

ಎದ್ದು ಚಪ್ಪಲಿ ಮೆಟ್ಟಿಕೊಂಡರು. ಬಾಗಿಲ ಮರೆಯಲ್ಲಿ ನಿಂತಿದ್ದ ಕಸ್ತೂರಿಯ ಕಣ್ಣಲ್ಲಿ ನೀರು.

ನೋಡಿ, ಶೆಟ್ಟರ ಗತಿ ನೋಡಿ! ಸುಳ್ಳು ಅಜ್ಜನಿಗೆ ಕೈ ಮುಗಿದರು, ನಿಜವಾದ ರೂಪಾಯಿಯನ್ನು ಸುಳ್ಳು ಅಂದರು. ಜೀವಮಾನದಲ್ಲಿ ಒಂದು ಸತ್ಯ ಹೇಳಿದರೆ, ಅದನ್ನೇ ಯಾರೂ ನಂಬಲಿಲ್ಲ! ಯಾಕೆ? ಆ ಸತ್ಯವನ್ನೂ ತಿಕ್ಕಿ ತಂದಿದ್ದರು.

ಅಷ್ಟರಲ್ಲಿ ಒಳಗಿನಿಂದ ನೀಲಗಂಗವ್ವ ಬಂದರು. ಮೂರನೇ ರೊಟ್ಟಿ ಇನ್ನೂ ಕೈಯಲ್ಲೇ ಇತ್ತು.

“ತಡೀರಿ ಬೀಗರ! ಇವು ನಮ್ಮ ಮನೀವ. ಇನಾಮದಾರನವು ಅಲ್ಲ, ನಮ್ಮತ್ತೀವು. ಹತ್ತಿ ಮಿಲ್ಲಿನ ಬಾಗಲದಾಗ ಕುಂತು ಮೊಸರು ಮಾರ್ತಿದ್ಲು. ಚಿಲ್ಲರಿ ಕೂಡಿಸಿ ಕೂಡಿಸಿ ಬೆಳ್ಳಿ ರೂಪಾಯಿ ಮಾಡ್ಸಿ ಇಡ್ತಿದ್ಲು. ನಮ್ಮ ಮಾವ ಅದ ಮಿಲ್ಲಿನ್ಯಾಗ ಹತ್ತಿ ತುಂಬಿದ ಅಂಡಗಿ ಚೀಲ ಹೊರ್ತಿದ್ದ. ಇದೊಂದು ನನ್ನ ಎಲಿ-ಅಡಿಕಿ ಸಂಚ್ಯಾಗಿತ್ತು, ಈ ಶಾಣ್ಯಾನ ಕೈಗೆ ಸಿಗಲಿಲ್ಲ.”

ಸಂಚಿಯಿಂದ ಒಂದು ರೂಪಾಯಿ ತೆಗೆದುಕೊಟ್ಟರು. ನಡುವೆ ಬೂದು, ಅಂಚಿನಲ್ಲಿ ನವಿಲುಗರಿಯ ಹಾಗೆ ಸಣ್ಣ ನೀಲಿ. ಸಂಗನಬಸಪ್ಪನವರು ಓಲಾಡಿಸಿದರು. ಆ ಮಬ್ಬಿನ ಒಳಗಿಂದ ಬೆಳಕು ಬಂಡಿಯ ಗಾಲಿಯ ಹಾಗೆ ಸುತ್ತಿತು. “ಆಹಾ! ಅದ್ದಿದ್ರ ಈ ಬೆಳಕು ಸತ್ತ ಹೋಗತೈತ್ರಿ. ಮತ್ತ ಬರೂದಿಲ್ಲ” ಎಂದರು.

ಆಮೇಲೆ ಪಟದ ಕಡೆ ತಿರುಗಿದರು. “ಹಂಗಾರ ಶೆಟ್ಟರ, ಇವರು ಯಾರ್ರಿ?”

ಶೆಟ್ಟರು ತಲೆ ಕೆರೆದುಕೊಂಡರು. “ನನಗೂ ಗೊತ್ತಿಲ್ರಿ. ಅಂಗಡ್ಯಾಗ ಸಿಕ್ರು.”

ಸಂಗನಬಸಪ್ಪನವರು ನಕ್ಕರು, ನಕ್ಕರು, ಹೊಟ್ಟೆ ಹಿಡಿದು ನಕ್ಕು ಚಪ್ಪಲಿ ಬಿಟ್ಟು ಮತ್ತೆ ಕೂತರು. “ಶೆಟ್ಟರ, ನಮ್ಮವ್ವ ಮಂದಿ ಹೊಲದಾಗ ಕಳೆ ತಗದು ನನಗ ಸಾಲಿ ಕಲಿಸಿದಾಕಿ. ಅದನ್ನ ಮೊದಲ ಹೇಳಿ ಮಾತು ಸುರು ಮಾಡಬೇಕಂತ ಬಂದಿದ್ದೆ. ನಿಮ್ಮ ಅಜ್ಜಾರ ರುಮಾಲು ನೋಡಿ ನನ್ನ ಬಾಯಿ ಕಟ್ಟಿಹೋತು.”

ಕೇಳಿದಿರಾ? ಇವರ ಸುಳ್ಳು ಅವರ ಸತ್ಯದ ಬಾಯಿಯನ್ನೂ ಕಟ್ಟಿತ್ತು. ಮದುವೆ ನಿಶ್ಚಯವಾಯಿತು. ಕಸ್ತೂರಿ ಅಜ್ಜಿಯನ್ನು ತಬ್ಬಿಕೊಂಡಳು. ಆದರೆ ತೊಳೆದ ರೂಪಾಯಿ ತೊಳೆದದ್ದೇ. ಶೆಟ್ಟರು ಸಂತೋಷಕ್ಕೆ ಅತ್ತರು, ರೂಪಾಯಿ ನೋಡಿ ಇನ್ನಷ್ಟು ಅತ್ತರು.

ನಕ್ಕಿರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಕೈಯಲ್ಲೂ ಆ ದ್ರಾವಣದ ಬಟ್ಟಲಿಲ್ಲವೆ? ಅಪ್ಪ ಹಮಾಲಿ ಮಾಡಿದರೆ ‘ಬಿಸಿನೆಸ್ ಇತ್ತು’ ಅನ್ನುತ್ತೀರಿ, ಅದ್ದಿದಿರಿ. ಅವ್ವನ ಮಾತು ಒರಟು ಅಂತ ನೆಂಟರ ಮುಂದೆ ಕಣ್ಣು ಸನ್ನೆ ಮಾಡಿ ಒಳಗೆ ಕಳಿಸುತ್ತೀರಿ, ಅದ್ದಿದಿರಿ. ಶರಣರು ಕಾಯಕವೇ ಕೈಲಾಸ ಅಂದರು. ನೀವು ಆ ಕೈಲಾಸಕ್ಕೇ ನಾಚಿ ಪರದೆ ಎಳೆಯುತ್ತೀರಿ. ಅವ್ವನ ಕೈಯ ಕಪ್ಪು ಹೊಲಸಲ್ಲರೀ, ಅದು ದುಡಿಮೆಯ ಬಣ್ಣ. ತಿಕ್ಕಿದರೆ ಹೋಗುವುದು ಕೊಳೆಯಲ್ಲ, ಮೇಲಿನ ಒಂದು ಪದರ ಬೆಳ್ಳಿ.

ಇವತ್ತು ಮನೆಗೆ ಹೋಗಿ ಏನು ಮಾಡಬೇಕು? ಉಪವಾಸ ಬೇಡ, ಹರಕೆ ಬೇಡ. ಊಟಕ್ಕೆ ಕೂತಾಗ ಮಕ್ಕಳಿಗೆ ಹೇಳಿ, ನಿಮ್ಮ ಅಜ್ಜ ಏನು ಹೊತ್ತ, ಅಜ್ಜಿ ಏನು ಮಾರಿದಳು ಎಂದು. ಇದ್ದದ್ದು ಇದ್ದ ಹಾಗೆ. ಮುಂದಿನ ಸಲ ನೆಂಟರು ಬಂದಾಗ ಅವ್ವನ ಕುರ್ಚಿ ಪಡಸಾಲೆಯಲ್ಲಿರಲಿ. ಚಹಾ ಮೊದಲು ಅವಳಿಗೆ ಕೊಡಿ, ಆಮೇಲೆ ಬೀಗರಿಗೆ. ಅದನ್ನು ನೋಡಿ ಮುಖ ಕಿವುಚುವ ಬೀಗರಾದರೆ, ಒಳ್ಳೆಯದೇ ಆಯಿತು, ಮಗಳು ಪಾರಾದಳು.