ಅಂಗಳದ ತರಗೆಲೆ

ಸಿದ್ದಾಪುರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕುಶಾಲನಗರದ ಬಸ್ಸಿಗೆ ಕಾಯುತ್ತಿದ್ದರು. ಹಿರಿಯಾಕೆಯ ಬುಟ್ಟಿಯಲ್ಲಿ ಮಾರಿ ಉಳಿದ ಎರಡು ಕಟ್ಟು ಸೊಪ್ಪಿತ್ತು. ಕಿರಿಯಳ ಕೈಯಲ್ಲಿ ಹೊಸ ಕಡ್ಡಿಪೊರಕೆ.

"ಗುರುಸಿದ್ದಕ್ಕ, ನಮ್ಮ ಸೈಟಿನ ಮಣ್ಣು ಕಲ್ಲಾಗೈತೆ. ಜೆಸಿಬಿಯೋರು ಮೇಲ್ಮಣ್ಣೆಲ್ಲ ಬಾಚ್ಕೊಂಡೋದ್ರು. ಬದನೆ ಬರಲ್ವೇನೋ."

"ಬತ್ತೈತೆ ಬಿಡು ಉಷಾ. ಮೊದ್ಲು ಹುರುಳಿ ಚೆಲ್ಲು. ಹೂ ಬಿಡೋ ಹೊತ್ಗೆ ಕಿತ್ತು ಅಲ್ಲೇ ಮಣ್ಣಿಗೆ ಸೇರ್ಸು. ಮೇಲೆ ಸಗಣಿ, ತರಗೆಲೆ ಹಾಕು. ಆಮೇಲೆ ಬದನೆ ನೆಡು."

"ತರಗೆಲೆ ಎಲ್ಲೈತಕ್ಕ? ದಿನಾ ಗುಡ್ಸಿ ಸುಟ್ಟಾಕ್ತೀನಿ."

"ಸುಟ್ಟಾಕ್ತೀಯಾ! ಹದಿನೈದು ವರ್ಷ ಎಸ್ಟೇಟಲ್ಲಿ ಕೆಲ್ಸ ಮಾಡ್ದೋಳು ನೀನು. ಕಾಫಿ ಬುಡದ ತರಗು ಗುಡ್ಸಿದ್ರೆ ಹಾಜ್ರಿ ಬರೆಯೋ ರೈಟ್ರು ಸುಮ್ನಿರ್ತಿದ್ರಾ?"

"ಮೈಮೇಲೇ ಬರೋರು."

"ಮತ್ತೆ?"

"ಅದು ತೋಟ ಅಕ್ಕ, ಇದು ಮನೆ. ಎಸ್ಟೇಟಿನ ಲೈನ್ ಮನೆ ಬಿಟ್ಟು ಸ್ವಂತ ಮನೆಗೆ ಬಂದೀವಿ. ಅಂಗಳದಲ್ಲಿ ಒಂದೆಲೆ ಕಾಣ್ಬಾರ್ದು ಅಂತ..."

"ಸಾಹುಕಾರ್ರ ಮಣ್ಣಿಗೆ ಅಷ್ಟು ವರ್ಷ ಹೊದಿಕೆ ಹೊದಿಸ್ದೆ. ನಿನ್ನ ಮಣ್ಣನ್ನ ಬಿಸ್ಲಲ್ಲಿ ಬೆತ್ತಲೆ ನಿಲ್ಲಿಸಿದ್ದೀಯ."

ಉಷಾ ಪೊರಕೆಯನ್ನು ಮುಂದೆ ಹಿಡಿದಳು.

"ಹಂಗಾದ್ರೆ ಇದನ್ನ ಅಂಗಡಿಗೆ ವಾಪಸ್ ಕೊಟ್ಬಿಡ್ಲಾ?"

"ಯಾಕೆ? ಅಕ್ಕಪಕ್ಕದೋರ ಅಂಗಳ ಗುಡ್ಸಿಕೊಡು. ಕಸ ನೀನೇ ಹೊತ್ಕೊಂಡು ಬಾ. ಯಾರೂ ಬೇಡ ಅನ್ನಲ್ಲ."

ಬಸ್ ಬಂತು. ಉಷಾ ಪೊರಕೆಯನ್ನು ಹೆಗಲಿಗೇರಿಸಿಕೊಂಡು, ನೂಕುತ್ತಿದ್ದವರನ್ನು ಸರಿಸಿ ಮೊದಲು ಹತ್ತಿದಳು. ಮೆಟ್ಟಿಲ ಮೇಲೆ ನಿಂತು, ಕೆಳಗಿದ್ದ ಗುರುಸಿದ್ದಕ್ಕನ ಬುಟ್ಟಿಗೆ ಕೈಚಾಚಿದಳು.

"ನಮ್ಮ ಬೀದೀಲಿ ಹನ್ನೊಂದು ಮನೆ ಐತಕ್ಕ," ಅಂದಳು. "ಎಲ್ಲರ ಅಂಗಳದಲ್ಲೂ ಮರ ಐತೆ."